ಹದಿನೈದು ಡಾಲರ್‌ವರೆಗೆ

ತಿಂಗಳಿಗೆ 13 ಡಾಲರ್. 1861ರಲ್ಲಿ ಅಮೆರಿಕದ ಅಂತರ್ಯುದ್ಧಕ್ಕೆ ಹೊರಟ ಸಾಮಾನ್ಯ ಸಿಪಾಯಿಗೆ ಗೊತ್ತುಮಾಡಿದ್ದ ಸಂಬಳ ಅದು. ಅದೂ ತಿಂಗಳು ತಿಂಗಳು ಕೈಸೇರುತ್ತಿರಲಿಲ್ಲ. ಪಡೆ ಬೀಡುಬಿಟ್ಟಲ್ಲಿಗೆ ಸಂಬಳದ ಅಧಿಕಾರಿ ಹಣದ ಪೆಟ್ಟಿಗೆಯೊಂದಿಗೆ ಬರಬೇಕು. ಎರಡು ತಿಂಗಳಿಗೊಮ್ಮೆ ಬರಬೇಕಾದವನು ಎಷ್ಟೋ ಸಲ ನಾಲ್ಕು ತಿಂಗಳು, ಆರು ತಿಂಗಳು ಬರುತ್ತಲೇ ಇರಲಿಲ್ಲ. ಬಂದ ಮೇಲೂ ಆ ಹಣ ಕಾಗದದ ಲಕೋಟೆಯಲ್ಲಿ ಸಾವಿರ ಮೈಲಿ ದಾಟಿ ಮನೆ ಮುಟ್ಟಬೇಕು. ಅಷ್ಟರಲ್ಲಿ ಮನೆಯಲ್ಲಿ ಒಲೆ ಉರಿಯಬೇಕು, ಹಸುವಿಗೆ ಹುಲ್ಲು ಬೇಕು, ಮಿಶಿಗನ್ನಿನ ಚಳಿಗಾಲಕ್ಕೆ ಕಟ್ಟಿಗೆ ಬೇಕು.

ನಾನಿರುವ ಸ್ಟರ್ಲಿಂಗ್ ಹೈಟ್ಸ್ ಆಗ ನಗರವಾಗಿರಲಿಲ್ಲ. ಡೆಟ್ರಾಯಿಟ್‌ನ ಉತ್ತರಕ್ಕೆ, ಮಕೋಂಬ್ ಕೌಂಟಿಯಲ್ಲಿ, ಕ್ಲಿಂಟನ್ ನದಿ ಹರಿಯುವ ಬಯಲಲ್ಲಿ ಸ್ಟರ್ಲಿಂಗ್ ಟೌನ್‌ಶಿಪ್ ಎಂಬ ಹೆಸರಿನ ಹೊಲಗಳ ನಾಡು. ನಗರ ಎಂದು ಕರೆಸಿಕೊಂಡದ್ದು 1968ರಲ್ಲಿ. ಇಂದು ಮೌಂಡ್ ರೋಡ್, ವ್ಯಾನ್ ಡೈಕ್ ರಸ್ತೆಗಳ ಇಕ್ಕೆಲದಲ್ಲಿ ಕಾರ್ಖಾನೆಗಳೇ ಕಾಣುವ ಈ ನೆಲದಲ್ಲಿ ಆಗ ಗಂಡಸರು ಉಳುತ್ತಿದ್ದರು, ಹೆಂಗಸರು ಹಾಲು ಕರೆದು ಬೆಣ್ಣೆ ಮಾಡುತ್ತಿದ್ದರು. ಉಳುವವನು ಹೊರಟುಹೋದರೆ ಏನಾಗುತ್ತದೆಂದು ನಮ್ಮ ಕಡೆಯ ರೈತಾಪಿ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಿಶಿಗನ್ ರಾಜ್ಯಕ್ಕೆ ಇದು ಬೇಗ ಹೊಳೆಯಿತು. 1861ರ ಏಪ್ರಿಲ್ 12ಕ್ಕೆ ಮೊದಲ ಗುಂಡು ಹಾರಿತು. ಗವರ್ನರ್ ಆಸ್ಟಿನ್ ಬ್ಲೇರ್ ಶಾಸನಸಭೆಯ ವಿಶೇಷ ಅಧಿವೇಶನ ಕರೆದರು. ಮೇ 10ಕ್ಕೆ, ತಿಂಗಳು ತುಂಬುವ ಮೊದಲೇ, ಸ್ವಯಂಸೇವಕ ಸೈನಿಕರ ಕುಟುಂಬಗಳಿಗೆ ಕೌಂಟಿಗಳು ನೆರವು ನೀಡಬೇಕೆಂಬ ಕಾನೂನಿಗೆ ಅಂಕಿತ ಬಿತ್ತು. ಕುಟುಂಬವೊಂದಕ್ಕೆ ತಿಂಗಳಿಗೆ ಹದಿನೈದು ಡಾಲರ್‌ವರೆಗೆ. ಸಂಬಳಕ್ಕಿಂತ ಎರಡು ಡಾಲರ್ ಹೆಚ್ಚು! ಮೊದಲ ಬಾರಿ ಓದಿದಾಗ ನನಗೆ ಗಂಟಲು ಕಟ್ಟಿತ್ತು. ಇಷ್ಟು ಹಿಂದೆಯೇ, ಇಷ್ಟು ಬೇಗನೆ, ಒಂದು ಸರ್ಕಾರ ಇದನ್ನು ಯೋಚಿಸಿತಲ್ಲ ಎಂದು.

ಎರಡನೆಯ ಬಾರಿ ಓದಿದಾಗ ಕಣ್ಣಿಗೆ ಬಿದ್ದದ್ದು ‘ವರೆಗೆ’.

ಹದಿನೈದು ಎಂದರೆ ಹದಿನೈದು. ಹದಿನೈದರವರೆಗೆ ಎಂದರೆ ಹತ್ತೂ ಆಗಬಹುದು, ಐದೂ ಆಗಬಹುದು. ಎಷ್ಟು ಎಂದು ತೀರ್ಮಾನಿಸುವವರು ಊರಿನವರೇ. ಮಿಶಿಗನ್ನಿನಲ್ಲಿ ಪ್ರತಿ ಟೌನ್‌ಶಿಪ್‌ಗೂ ಒಬ್ಬ ಸೂಪರ್‌ವೈಸರ್. ಅವರೆಲ್ಲ ಸೇರಿದರೆ ಕೌಂಟಿಯ ಮಂಡಳಿ. ಊರಿನ ನಿರ್ಗತಿಕರಿಗೆ ದಿನಸಿ ಚೀಟಿ ಬರೆದುಕೊಡುವುದು, ತೆರಿಗೆ ಗೊತ್ತುಮಾಡುವುದು, ಎಲ್ಲ ಇವರ ಕೈಯಲ್ಲೇ. ಸೈನಿಕನ ಹೆಂಡತಿ ಹೋಗಿ ನಿಲ್ಲಬೇಕಾದದ್ದೂ ಇವರ ಮುಂದೆಯೇ. ಭಾನುವಾರ ಚರ್ಚಿನಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವವನಿಗೆ, ಕಳೆದ ವರ್ಷ ಬೇಲಿಯ ವಿಚಾರಕ್ಕೆ ಗಂಡನೊಂದಿಗೆ ಜಗಳವಾಡಿದವನಿಗೆ, ಮನೆಯಲ್ಲಿ ಎಷ್ಟು ಹಿಟ್ಟಿದೆ ಎಂದು ಹೇಳಬೇಕು. ಯಾರ ಮನೆಯ ಕೊಟ್ಟಿಗೆಯಲ್ಲಿ ಎಷ್ಟು ದನ ಇವೆ ಎಂಬುದು ಅವನಿಗೆ ಮೊದಲೇ ಗೊತ್ತು. ಕೊಡುವ ಹಣ ತನ್ನ ಊರಿನವರ ತೆರಿಗೆಯದ್ದು ಎಂಬುದೂ ಗೊತ್ತು. ಹೀಗಿರುವಾಗ ಕಾನೂನು ಋಣ ಎಂದು ಬಗೆದು ಕೊಟ್ಟದ್ದು ಅವನ ಮೇಜಿನ ಮುಂದೆ ದಾನವಾಗಿಬಿಡುವುದು ಸುಲಭ.

ಆದರೂ ಮಿಶಿಗನ್ನಿನ ಕೌಂಟಿಗಳು ಜಿಪುಣತನ ಮಾಡಿದವು ಎಂದು ನಾನು ಹೇಳಲಾರೆ. ಯುದ್ಧ ಮತ್ತು ಅದರ ಬೆನ್ನಿಗೆ ಬಂದ ಒಂದೆರಡು ವರ್ಷಗಳಲ್ಲಿ ಅವು ಸೈನಿಕ ಕುಟುಂಬಗಳಿಗೆ ಕೊಟ್ಟದ್ದು ಸುಮಾರು 35 ಲಕ್ಷ ಡಾಲರ್. ಸುಮಾರು 90,000 ಗಂಡಸರನ್ನು ಕಳಿಸಿದ, ಬಹುಪಾಲು ಕಾಡು ಕಡಿದು ಹೊಲ ಮಾಡಿಕೊಳ್ಳುತ್ತಿದ್ದ ರಾಜ್ಯಕ್ಕೆ ಅದು ದೊಡ್ಡ ಮೊತ್ತ. ಸಾಲ ಎತ್ತಿ ಕೊಟ್ಟ ಊರುಗಳಿದ್ದವು. ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ. ಹಣ ಮಂಜೂರಾಗುವ ಜಾಗಕ್ಕೂ ಅದು ಮುಟ್ಟುವ ಜಾಗಕ್ಕೂ ನಡುವೆ ಒಬ್ಬ ಹೆಣ್ಣುಮಗಳು ಕಾಗದಗಳನ್ನು ಹಿಡಿದು ನಿಂತಿರುತ್ತಾಳಲ್ಲ, ಅವಳ ಬಗ್ಗೆ ನನ್ನ ಮಾತು.

ಮಕೋಂಬ್, ಓಕ್‌ಲ್ಯಾಂಡ್ ಮತ್ತು ಸುತ್ತಲ ಕೌಂಟಿಗಳ ಗಂಡಸರು ಸೇರಿ 1862ರ ಆಗಸ್ಟ್‌ನಲ್ಲಿ ಪಾಂಟಿಯಾಕ್‌ನಲ್ಲಿ ಕಟ್ಟಿದ ಪಡೆ 22ನೇ ಮಿಶಿಗನ್ ಪದಾತಿದಳ. ರಾಜ್ಯದ ಮಾಜಿ ಗವರ್ನರ್ ಮೋಸೆಸ್ ವಿಸ್ನರ್ ಅದರ ಕರ್ನಲ್. ಅವರು ಯುದ್ಧಭೂಮಿಯನ್ನು ಕಾಣುವ ಮೊದಲೇ 1863ರ ಜನವರಿಯಲ್ಲಿ ಕೆಂಟಕಿಯಲ್ಲಿ ವಿಷಮಶೀತ ಜ್ವರಕ್ಕೆ ಬಲಿಯಾದರು. ಅದೇ ವರ್ಷ ಸೆಪ್ಟೆಂಬರ್ 20ರಂದು ಚಿಕಮಾಗಾ ಕದನದಲ್ಲಿ ಈ ಪಡೆ ಗುಂಡು ಮುಗಿಯುವತನಕ ಗುಡ್ಡ ಬಿಡಲಿಲ್ಲ. ಕದನಕ್ಕಿಳಿದವರಲ್ಲಿ ಬಹುಪಾಲು ಮಂದಿ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಸಿಕ್ಕರು. ಸೆರೆಸಿಕ್ಕವರ ಮನೆಯ ಕಷ್ಟವೇ ಬೇರೆ. ಸತ್ತನೆಂದು ಅಳುವ ಹಾಗಿಲ್ಲ, ಬದುಕಿದ್ದಾನೆಂದು ನೆಮ್ಮದಿಯಾಗಿರುವ ಹಾಗಿಲ್ಲ.

1862ರ ಜುಲೈ 14ರ ಕೇಂದ್ರ ಕಾನೂನು ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್ ಪಿಂಚಣಿ ಗೊತ್ತುಮಾಡಿತ್ತು. ಅದನ್ನು ಪಡೆಯಲು ಎರಡು ಸಂಗತಿ ಸಾಬೀತಾಗಬೇಕು: ಅವನು ಸತ್ತದ್ದು, ಇವಳು ಅವನ ಹೆಂಡತಿಯಾಗಿದ್ದದ್ದು. ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಯಲ್ಲಿ ಸುಮಾರು 13,000 ಸೈನಿಕರು ಹಸಿವು, ಭೇದಿಗಳಿಂದ ಸತ್ತರು. ಅಲ್ಲಿ ಸತ್ತವರ ದಾಖಲೆ ಬರೆಯುವ ಕೆಲಸಕ್ಕೆ ಹಚ್ಚಿದ್ದು ಡಾರೆನ್ಸ್ ಆಟ್‌ವಾಟರ್ ಎಂಬ ಸೆರೆಯಾಳು ಹುಡುಗನನ್ನು, ಇನ್ನೂ ಇಪ್ಪತ್ತು ತುಂಬದವನನ್ನು. ಅವನು ಕಾವಲಿನವರಿಗೆ ತಿಳಿಯದಂತೆ ಅದೇ ಪಟ್ಟಿಯ ಇನ್ನೊಂದು ಪ್ರತಿ ಬರೆದಿಟ್ಟುಕೊಂಡ. ಬಿಡುಗಡೆಯಾದಾಗ ಅದನ್ನು ಬಚ್ಚಿಟ್ಟು ಹೊರತಂದ. ಯುದ್ಧಕಾಲದ ದಾದಿ ಕ್ಲಾರಾ ಬಾರ್ಟನ್ ಅವರ ನೆರವಿನಿಂದ ಗೋರಿಗಳಿಗೆ ಹೆಸರು ಬಂತು, 1866ರಲ್ಲಿ ಪಟ್ಟಿ ಅಚ್ಚಾಯಿತು. ಆ ಪಟ್ಟಿಯಲ್ಲಿ ಗಂಡನ ಹೆಸರು ಕಂಡ ಹೆಂಗಸಿಗೆ ಅದು ದುಃಖದ ಸುದ್ದಿಯೂ ಹೌದು, ಎಂಟು ಡಾಲರ್‌ನ ಸಾಕ್ಷಿಯೂ ಹೌದು.

ಇನ್ನು ಎರಡನೆಯ ಸಾಬೀತು. ಮದುವೆ ನೋಂದಣಿ ಎಲ್ಲ ಕಡೆ ಇಲ್ಲದ ಕಾಲ. ಮದುವೆ, ಹುಟ್ಟು, ಸಾವುಗಳನ್ನು ಜನ ಮನೆಯ ಬೈಬಲ್ಲಿನ ಹಾಳೆಯಲ್ಲಿ ಬರೆದಿಡುತ್ತಿದ್ದರು. ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿ ವಿಧವೆಯರ ಪಿಂಚಣಿ ಕಡತಗಳನ್ನು ಬಿಚ್ಚಿದರೆ ಅರ್ಜಿ, ಅಫಿಡವಿಟ್ಟುಗಳ ನಡುವೆ ಆ ಹಾಳೆಗಳೇ ಸಿಗುತ್ತವೆ, ಬೈಬಲ್ಲಿನಿಂದ ಹರಿದವು. ಒಂದು ಅಂಚು ಕತ್ತರಿಸಿದಂತೆ ನೇರ, ಇನ್ನೊಂದು ಅಂಚು ಹೊಲಿಗೆಯಿಂದ ಕಿತ್ತದ್ದು. ಮೇಲೆ ಕಂದಿದ ಶಾಯಿಯಲ್ಲಿ ಮದುವೆಯ ತಾರೀಖು, ಕೆಳಗೆ ಮಕ್ಕಳ ಹೆಸರುಗಳು, ಕೆಲವು ಹೆಸರುಗಳ ಮುಂದೆ ಹುಟ್ಟಿದ ತಾರೀಖಿನ ಪಕ್ಕದಲ್ಲೇ ಸತ್ತ ತಾರೀಖು. ದೇವರ ಪುಸ್ತಕದಿಂದ ಹಾಳೆ ಕಿತ್ತು ಸರ್ಕಾರಕ್ಕೆ ಕಳಿಸುವಾಗ ಆ ಕೈ ಎಷ್ಟು ಹೊತ್ತು ತಡೆದಿರಬಹುದು. ಕಳಿಸಿದ ಹಾಳೆ ಮನೆಗೆ ಮರಳಲಿಲ್ಲ. ಅದಕ್ಕೇ ಇಂದಿಗೂ ಕಡತದಲ್ಲಿದೆ.

ಡೆಟ್ರಾಯಿಟ್‌ನಲ್ಲೇ ಕಟ್ಟಿದ ಕಪ್ಪು ಸೈನಿಕರ ಪಡೆಯ ಎಷ್ಟೋ ಕುಟುಂಬಗಳಿಗೆ ಬೈಬಲ್ ಹಾಳೆಯೂ ಇರಲಿಲ್ಲ. ಆ ಸೈನಿಕರಲ್ಲಿ ಹಲವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಗುಲಾಮರ ಮದುವೆಯನ್ನು ಯಾವ ಕಾನೂನೂ ಮದುವೆ ಎನ್ನುತ್ತಿರಲಿಲ್ಲ. ಅವರ ಸಂಬಳವೂ ತಿಂಗಳಿಗೆ ಹತ್ತೇ ಡಾಲರ್, ಅದರಲ್ಲಿ ಬಟ್ಟೆಗೆಂದು ಮೂರು ಮುರಿದು ಏಳು. 1864ರಲ್ಲಿ ಸಂಬಳ ಸಮವಾಯಿತು. ಅದೇ ವರ್ಷ ಜುಲೈನಲ್ಲಿ, ಗಂಡ ಹೆಂಡಿರಾಗಿ ಬಾಳಿದ್ದರು ಎಂದು ನಂಬಲರ್ಹ ಸಾಕ್ಷಿಗಳು ಹೇಳಿದರೆ ವಿಧವೆಗೆ ಪಿಂಚಣಿ ಕೊಡಬಹುದೆಂದು ಕಾನೂನು ಒಪ್ಪಿತು. ತಡವಾಗಿ ಬಂದದ್ದು ನಿಜ. ಆದರೆ ಕಾಗದವಿಲ್ಲದವರ ಬಾಳನ್ನು ನೆರೆಹೊರೆಯ ಬಾಯಿಮಾತಿನಿಂದ ನಂಬುವ ದಾರಿ ತೆರೆದದ್ದು ದೊಡ್ಡದು.

ಹೆಣ್ಣಿನ ಸಹಿಗೆ ಆಗ ಏನು ಬೆಲೆ ಎಂಬುದನ್ನು ಶಿಕಾಗೋದ ಒಂದು ಪ್ರಸಂಗ ಹೇಳುತ್ತದೆ. 1863ರಲ್ಲಿ ಮೇರಿ ಲಿವರ್‌ಮೋರ್ ಮತ್ತು ಜೇನ್ ಹೋಗ್ ಸೈನಿಕರ ಆರೈಕೆಗಾಗಿ ಅಲ್ಲಿ ಒಂದು ಮಹಾಮೇಳ ನಡೆಸಿದರು. ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನಾ ಘೋಷಣೆಯ ಕರಡನ್ನೇ ಹರಾಜಿಗೆ ಕಳಿಸಿಕೊಟ್ಟರು. ಅದು 3,000 ಡಾಲರ್‌ಗೆ ಹೋಯಿತು. ಮೇಳಕ್ಕೆ ಚಪ್ಪರದಂಥ ಕಟ್ಟಡ ಕಟ್ಟಿಸಲು ಈ ಇಬ್ಬರು ಗುತ್ತಿಗೆದಾರನ ಬಳಿ ಹೋದರು. ಹಣ ಕೈಯಲ್ಲೇ ಇತ್ತು. ಅವನು ಒಪ್ಪಂದ ಪತ್ರಕ್ಕೆ ಗಂಡಂದಿರ ಸಹಿ ಕೇಳಿದ. ಮದುವೆಯಾದ ಹೆಂಗಸಿನ ಸಹಿ ಆಗ ಕಾನೂನಿನಲ್ಲಿ ನಿಲ್ಲುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಲಿವರ್‌ಮೋರ್ ಮಹಿಳಾ ಮತದಾನದ ಹೋರಾಟಕ್ಕೆ ಇಳಿದರು.

‘ವರೆಗೆ’ ಎಂಬ ಪದವನ್ನು ಕಿತ್ತುಹಾಕಿದವರೂ ಶಿಕಾಗೋದವರೇ. ಜೂಲಿಯನ್ ಮ್ಯಾಕ್ ಅಲ್ಲಿನ ಬಾಲನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು. ಅಪ್ಪನಿಲ್ಲದ ಮನೆಗಳ ಮಕ್ಕಳು ದಿನವೂ ಅವರ ಮುಂದೆ ಬಂದು ನಿಲ್ಲುತ್ತಿದ್ದರು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ, ಸೈನಿಕ ಕುಟುಂಬಗಳಿಗಾಗಿ ಕಾನೂನಿನ ಕರಡು ರೂಪಿಸುವ ಕೆಲಸ ಅವರ ಪಾಲಿಗೆ ಬಂತು. ಅಕ್ಟೋಬರ್ 6ರಂದು ಅದು ಜಾರಿಗೆ ಬಂತು. ಸಿಪಾಯಿಯ ಸಂಬಳ ಆಗ 30 ಡಾಲರ್. ಅದರಲ್ಲಿ 15 ಕಡ್ಡಾಯವಾಗಿ ಹೆಂಡತಿ ಮಕ್ಕಳಿಗೆ. ಸರ್ಕಾರ ಅದಕ್ಕೆ ತನ್ನ ಪಾಲು ಸೇರಿಸುತ್ತದೆ: ಹೆಂಡತಿಯೊಬ್ಬಳಿದ್ದರೆ 15, ಒಂದು ಮಗುವಿದ್ದರೆ 25, ಎರಡಿದ್ದರೆ 32 ಡಾಲರ್ 50 ಸೆಂಟ್. ಹೆಂಡತಿ ತಾನು ಬಡವಳೆಂದು ಯಾರಿಗೂ ತೋರಿಸಬೇಕಾಗಿಲ್ಲ. ಕೊಟ್ಟಿಗೆಯ ದನ ಎಣಿಸುವ ಸೂಪರ್‌ವೈಸರ್ ಇಲ್ಲ. ಹೆಂಡತಿಯಾಗಿರುವುದೇ ಅರ್ಹತೆ. ಸೈನಿಕರ ಬಗ್ಗೆ ಅಮೆರಿಕ ಮಾಡಿದ ಕಾನೂನುಗಳಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ಅಂತಃಕರಣದ್ದು ಇನ್ನೊಂದಿಲ್ಲ. 1942ರಲ್ಲಿ ಎರಡನೆಯ ಮಹಾಯುದ್ಧಕ್ಕೂ ಇದೇ ಲೆಕ್ಕ: ಸಂಬಳದಿಂದ 22, ಸರ್ಕಾರದಿಂದ 28, ಒಟ್ಟು 50 ಡಾಲರ್. ಮರುವರ್ಷ ಕೆಳದರ್ಜೆಯ ಸೈನಿಕರ ಹೆಂಡತಿಯರ ಬಾಣಂತನದ ಖರ್ಚನ್ನೂ ಸರ್ಕಾರ ವಹಿಸಿಕೊಂಡಿತು. ಸುಮಾರು 12 ಲಕ್ಷ ತಾಯಂದಿರಿಗೆ ಹೆರಿಗೆಯ ಆರೈಕೆ ಹಾಗೆ ಸಿಕ್ಕಿತು.

ಒಳ್ಳೆಯ ಕಾನೂನೂ ಮೊದಲ ಚಳಿಗಾಲದಲ್ಲೇ ಎಡವಿತು. ಲಕ್ಷಾಂತರ ಅರ್ಜಿ ಒಮ್ಮೆಲೇ ವಾಷಿಂಗ್ಟನ್ನಿಗೆ ಬಂದು ಬಿದ್ದವು. ಒಂದೇ ಹೆಸರಿನ ಸೈನಿಕರು ನೂರಾರು. ಯಾವ ಜಾನ್ ಸ್ಮಿತ್‌ನ ಹೆಂಡತಿ ಯಾರು? ಚೆಕ್ಕುಗಳು ತಡವಾದವು, ತಪ್ಪು ವಿಳಾಸಕ್ಕೆ ಹೋದವು. ಆ ತಿಂಗಳುಗಳಲ್ಲಿ ಎಷ್ಟೋ ಮನೆಗಳ ಬಾಡಿಗೆ, ಕಲ್ಲಿದ್ದಲಿನ ಖರ್ಚು ನೋಡಿಕೊಂಡದ್ದು ರೆಡ್‌ಕ್ರಾಸ್. ಹೆಸರಿನ ಗೊಂದಲ ತಪ್ಪಿಸಲು 1918ರಲ್ಲಿ ಅಮೆರಿಕದ ಸೈನ್ಯ ಪ್ರತಿ ಸಿಪಾಯಿಗೂ ಒಂದು ನಂಬರು ಕೊಡಲು ಶುರುಮಾಡಿತು.

ಇದನ್ನು ಓದುವಾಗ ನನಗೆ ನೆನಪಾದದ್ದು ಹಾಸನ ಜಿಲ್ಲೆಯ ನಮ್ಮೂರಿನ ನಿವೃತ್ತ ಸುಬೇದಾರರು. ಊರಿನ ಹುಡುಗ ಮದುವೆಯಾಗಿ ರಜೆ ಮುಗಿಸಿ ಹೊರಟರೆ ಅವರು ಬಸ್ ಸ್ಟ್ಯಾಂಡಿನತನಕ ಬಂದು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಪಾರ್ಟ್ ಟು ಮಾಡಿಸ್ತೀಯಾ ತಾನೆ?” ಚಿಕ್ಕವನಾಗಿದ್ದ ನನಗೆ ಅದೇನೆಂದು ತಿಳಿಯುತ್ತಿರಲಿಲ್ಲ. ಸೈನಿಕನ ಮದುವೆ, ಮಕ್ಕಳ ಹುಟ್ಟು ಎಲ್ಲವೂ ಅವನ ಘಟಕದ ಪಾರ್ಟ್ ಟು ಆರ್ಡರ್‌ನಲ್ಲಿ ಪ್ರಕಟವಾಗಬೇಕು. ಅಲ್ಲಿ ಹೆಂಡತಿಯ ಹೆಸರು ದಾಖಲಾಗದಿದ್ದರೆ, ಅಥವಾ ‘ಲಕ್ಷ್ಮಮ್ಮ’ ಎಂಬುದು ‘ಲಕ್ಷ್ಮೀದೇವಿ’ ಎಂದಾಗಿದ್ದರೆ, ನಾಳೆ ಏನಾದರೂ ಆದಾಗ ಸೈನ್ಯದ ಲೆಕ್ಕದಲ್ಲಿ ಅವಳು ಯಾರೂ ಅಲ್ಲ. ನಮ್ಮ ಕಡೆಯ ಹೆಸರುಗಳ ಕಷ್ಟ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಇನಿಷಿಯಲ್ಲು ಮುಂದೋ ಹಿಂದೋ, ಊರಿನ ಹೆಸರು ಸೇರಬೇಕೋ ಬೇಡವೋ, ತವರಿನ ಕಾಗದದಲ್ಲಿ ಅಪ್ಪನ ಹೆಸರು, ಗಂಡನ ಮನೆಯ ಪಡಿತರ ಚೀಟಿಯಲ್ಲಿ ಗಂಡನ ಹೆಸರು, ಆಧಾರ್‌ನಲ್ಲಿ ಟೈಪ್ ಮಾಡಿದವರು ಕೇಳಿಸಿಕೊಂಡ ಹೆಸರು. ಸುಬೇದಾರರು ಈ ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿಡಲು ಸೊಸೆಯಂದಿರಿಗೆ ಹೇಳಿಕೊಡುತ್ತಿದ್ದರು. ಪಿಂಚಣಿ ಆದೇಶದ ಪ್ರತಿ ಕಳೆದುಕೊಂಡವರಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಈಗ ಪಿಂಚಣಿ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ಅಕ್ಷರ ತಾಳೆಯಾಗದಿದ್ದರೆ ಕಂಪ್ಯೂಟರು ತಡೆಯುತ್ತದೆ. ಅದರ ಬಳಿ ಬಾಯಿಮಾತಿನ ಸಾಕ್ಷಿ ನಡೆಯುವುದಿಲ್ಲ.

ನಮ್ಮ ದೇಶದ ನಿಯಮಗಳು ಇಂದು ಕೈಬಿಗಿಯಾದವಲ್ಲ. ಯುದ್ಧದಲ್ಲಿ ಮಡಿದವನ ಹೆಂಡತಿಗೆ ಉದಾರೀಕೃತ ಕುಟುಂಬ ಪಿಂಚಣಿ ಎಂದರೆ ಅವನು ಕೊನೆಗೆ ಪಡೆಯುತ್ತಿದ್ದ ವೇತನದಷ್ಟೇ ಪೂರ್ತಿ ಪಿಂಚಣಿ. ‘ವರೆಗೆ’ ಇಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಪರಿಹಾರ ಧನವನ್ನು ಏರಿಸಿ, ಯುದ್ಧದಲ್ಲಿ ಶತ್ರುವಿನ ಕೈಯಲ್ಲಿ ಮಡಿದವರ ಕುಟುಂಬಕ್ಕೆ 45 ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ಅದೇ ವರ್ಷ ಫೆಬ್ರುವರಿಯಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನ ಸಿಲುಕಿ ಜೀವಂತ ಹೊರಬಂದರು, ದೆಹಲಿಯ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. ಆ ಮೂರು ದಿನ ನಾಡೆಲ್ಲ ಉಸಿರು ಬಿಗಿಹಿಡಿದಿತ್ತು. ರಾಜ್ಯ ಸರ್ಕಾರ ಆ ಮನೆಗೆ 25 ಲಕ್ಷ ರೂಪಾಯಿ ಘೋಷಿಸಿತು. ಇಂಥ ಘೋಷಣೆಗಳು ಕ್ಯಾಮೆರಾಗಳ ಮುಂದೆ, ಶವಪೆಟ್ಟಿಗೆ ಊರಿಗೆ ಬಂದ ದಿನವೇ ಆಗುತ್ತವೆ. ನಿವೇಶನದ ಕಡತ, ಜಮೀನಿನ ಕಡತ, ನೌಕರಿಯ ಕಡತ ಮೇಜಿನಿಂದ ಮೇಜಿಗೆ ಹೋಗುವಾಗ ಕ್ಯಾಮೆರಾ ಇರುವುದಿಲ್ಲ. ಬಂದ ಹಣ ಹೆಂಡತಿಗೋ ಹೆತ್ತವರಿಗೋ ಎಂಬ ಪ್ರಶ್ನೆಯೂ ಅದೇ ಮನೆಯೊಳಗೆ ಹೊಗೆಯಾಡುತ್ತದೆ. ಮಗನನ್ನು ಸಾಕಿದವರದ್ದೂ ಋಣವೇ, ಜೊತೆಗೆ ಬಾಳಬೇಕಾದವಳದ್ದೂ ಋಣವೇ. ಹೀಗಿರುವುದರಿಂದ ಇಬ್ಬರ ಪಾಲನ್ನೂ ನಿಯಮವೇ ಮೊದಲು ಬರೆದಿಡಬೇಕು. ಊರಿನ ಪಂಚಾಯಿತಿ ಕಟ್ಟೆಗೆ ಅದನ್ನು ಬಿಡಬಾರದು.

ನಮ್ಮ ಹಿರಿಯರು ಬರೆದಿಡುತ್ತಿದ್ದರು, ಕಲ್ಲಿನ ಮೇಲೆ. ನೆತ್ತರುಗೊಡಗೆ ಎಂಬ ಮಾತು ನಮ್ಮ ಶಾಸನಗಳಲ್ಲಿದೆ: ನೆತ್ತರು ಸುರಿಸಿದವನ ಮನೆಗೆ ಕೊಟ್ಟ ಭೂಮಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದ ಒಂದು ಕಲ್ಲಿದೆ, ಕ್ರಿ.ಶ. 900ರ ಆಸುಪಾಸಿನದು. ಆನೆ, ಕುದುರೆ, ಬಿದ್ದ ದೇಹಗಳ ಮೇಲೆ ಹಾರುವ ಹದ್ದು, ಇಡೀ ಕದನವೇ ಅದರ ಮೇಲಿದೆ. ಗಂಗರ ದಂಡನಾಯಕ ನಾಗತ್ತರ ಕಾದಿ ಸತ್ತನೆಂದು ಕೇಳಿ ದೊರೆ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ‘ಬೇಗೂರು ಹನ್ನೆರಡು’ ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ, ಅಂದರೆ ವೀರನ ಹೆಸರಿನ ಮಾನ್ಯವಾಗಿ, ಕೊಟ್ಟ. ಊರುಗಳ ಹೆಸರುಗಳನ್ನು ಒಂದೊಂದಾಗಿ ಕೆತ್ತಿದ್ದಾರೆ. ಹೀಗೆ ಊರು ಪಡೆದದ್ದು ನಾಯಕರ ಮನೆಗಳು. ಹೆಸರಿಲ್ಲದ ಕಾಲಾಳಿನ ಹೆಂಡತಿಗೆ ಏನು ಸಿಕ್ಕಿತೆಂದು ಯಾವ ಕಲ್ಲೂ ಹೇಳುವುದಿಲ್ಲ. ಆದರೂ, ಕೊಟ್ಟದ್ದನ್ನು ಎಲ್ಲರ ಕಣ್ಣಿಗೆ ಬೀಳುವಂತೆ, ನಾಳೆ ಯಾರೂ ಅಲ್ಲಗಳೆಯದಂತೆ ನೆಟ್ಟು ನಿಲ್ಲಿಸುವ ಆ ರೀತಿಯಲ್ಲಿ ಮನೆಯವರ ಮೇಲಿನ ಗೌರವ ಕಾಣುತ್ತದೆ.

ಕೊಟ್ಟ ಮೇಲೆ ಹೆಣ್ಣಿನ ನಡತೆ ಕಾಯುವ ಚಟ ಎರಡೂ ದೇಶಗಳಲ್ಲಿತ್ತು. 1882ರ ಅಮೆರಿಕದ ಕಾನೂನು, ವಿಧವೆ ಮದುವೆಯಾಗದೆ ಯಾರೊಡನೆಯಾದರೂ ಬಹಿರಂಗವಾಗಿ ಬಾಳಿದರೆ ಪಿಂಚಣಿ ನಿಲ್ಲಿಸಿತು. ನೆರೆಯವರನ್ನು ವಿಚಾರಿಸಲು ಪಿಂಚಣಿ ಇಲಾಖೆಯ ತನಿಖಾಧಿಕಾರಿಗಳು ಊರೂರಿಗೆ ಹೋದರು. ನಮ್ಮಲ್ಲಿ ಶೌರ್ಯ ಪ್ರಶಸ್ತಿಯ ಭತ್ಯೆ ಪಡೆಯುತ್ತಿದ್ದ ವಿಧವೆ ಮರುಮದುವೆಯಾದರೆ ಭತ್ಯೆ ನಿಲ್ಲುತ್ತಿತ್ತು, ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮಾತ್ರ ಉಳಿಯುತ್ತಿತ್ತು. ಆ ಷರತ್ತು ಹೋದದ್ದು 2017ರ ನವೆಂಬರ್‌ನಲ್ಲಿ. ಎಷ್ಟು ಹುಡುಗಿಯರ ಬಾಳು ಆ ಒಂದು ಸಾಲಿನಿಂದ ಮೈದುನನ ಕಡೆಗೆ ತಿರುಗಿತೋ!

ಮತ್ತೆ ಸ್ಟರ್ಲಿಂಗ್ ಹೈಟ್ಸ್‌ಗೆ ಬರುತ್ತೇನೆ. ಏಬ್ರಮ್ಸ್ ಟ್ಯಾಂಕ್ ತಯಾರಿಸುವ ಜನರಲ್ ಡೈನಮಿಕ್ಸ್ ಲ್ಯಾಂಡ್ ಸಿಸ್ಟಮ್ಸ್ ಕಂಪನಿಯ ಕೇಂದ್ರ ಕಚೇರಿ ನಮ್ಮೂರಿನ ಮೌಂಡ್ ರಸ್ತೆಯಲ್ಲಿದೆ. ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಸೆಲ್‌ಫ್ರಿಡ್ಜ್ ವಾಯುನೆಲೆ. ಕಾರು ಕಂಪನಿಗಳಿಗೆಂದು ಬಂದ ನಮ್ಮಂಥ ಕನ್ನಡ ಮನೆಗಳ ಮೇಲೂ ಅದರ ವಿಮಾನಗಳು ಹಾರುತ್ತವೆ. 2013ರ ಅಕ್ಟೋಬರ್‌ನಲ್ಲಿ ಬಜೆಟ್ ಜಗಳದಿಂದ ಕೇಂದ್ರ ಸರ್ಕಾರ ಮುಚ್ಚಿದಾಗ, ಮಡಿದ ಸೈನಿಕನ ಮನೆಗೆ ಒಂದೆರಡು ದಿನದಲ್ಲೇ ಸಿಗಬೇಕಾದ ಒಂದು ಲಕ್ಷ ಡಾಲರ್ ನಿಂತುಹೋಯಿತು. ಫಿಷರ್ ಹೌಸ್ ಎಂಬ ದತ್ತಿ ಸಂಸ್ಥೆ ಮುಂದೆ ಬಂದಿತು, ದೇಶ ನಾಚಿತು, ಅಕ್ಟೋಬರ್ 10ಕ್ಕೆ ಹೊಸ ಕಾನೂನೇ ಆಯಿತು. 2019ರ ಜನವರಿ 15ರಂದು ಮತ್ತೆ ಹಾಗೆಯೇ ಸರ್ಕಾರ ಮುಚ್ಚಿದ್ದಾಗ ಕರಾವಳಿ ಕಾವಲುಪಡೆಯವರಿಗೆ ಸಂಬಳ ಬರಲಿಲ್ಲ. ಆ ಪಡೆಯ ಡೆಟ್ರಾಯಿಟ್ ವಾಯುಠಾಣೆ ಇರುವುದು ಇದೇ ಸೆಲ್‌ಫ್ರಿಡ್ಜ್‌ನಲ್ಲಿ. ಹೆಪ್ಪುಗಟ್ಟಿದ ಕೆರೆಗಳ ಮೇಲೆ ಜೀವ ಉಳಿಸಲು ಹಾರುವವರ ಮನೆಗಳಲ್ಲಿ ಬಾಡಿಗೆಗೆ ಏನು ಮಾಡುವುದೆಂಬ ಚಿಂತೆ. ದೇಶದ ಹಲವೆಡೆ ಅವರ ಕುಟುಂಬಗಳಿಗೆ ದಿನಸಿ ಹಂಚಲು ಜನ ಮುಂದಾದರು. ಆ ವಾರ ಹೊರಗೆ ಹಿಮ ಸುರಿಯುತ್ತಿರುವಾಗ ನನಗೆ 1861ರ ಆ ಹೆಂಗಸು, ಸೂಪರ್‌ವೈಸರ್‌ನ ಬಾಗಿಲಲ್ಲಿ ಬೂಟಿನ ಹಿಮ ಕೊಡವಿಕೊಳ್ಳುತ್ತ ನಿಂತವಳು, ಮತ್ತೆ ಮತ್ತೆ ಕಾಣುತ್ತಿದ್ದಳು.

ಅವಳ ಕಾಲದ ಯುದ್ಧ ಮುಗಿದದ್ದು 1865ರಲ್ಲಿ. ಅದರ ಪಿಂಚಣಿ ಮುಗಿದದ್ದು ಯಾವಾಗ ಗೊತ್ತೆ? ಉತ್ತರ ಕೆರೊಲಿನಾದಲ್ಲಿ ಅಂತರ್ಯುದ್ಧದ ಸೈನಿಕನೊಬ್ಬನ ಮಗಳಿದ್ದಳು. ಅಪ್ಪನಿಗೆ ಎಂಬತ್ತು ದಾಟಿದ ಮೇಲೆ ಹುಟ್ಟಿದವಳು, ತನ್ನ ಕಾಲ ಮೇಲೆ ತಾನು ನಿಲ್ಲಲಾರದವಳು. ಸರ್ಕಾರ ಅವಳಿಗೆ ಅಪ್ಪನ ಲೆಕ್ಕದಲ್ಲಿ ತಿಂಗಳು ತಿಂಗಳೂ 73 ಡಾಲರ್ 13 ಸೆಂಟ್ ಕಳಿಸುತ್ತಿತ್ತು, ಅವಳು ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದ 2020ರ ಮೇ 31ರವರೆಗೆ.